ಸಾಕ್ಷಪ್ಪನ ಬಲಗೈ

ನಾಯಿ ಹಿಡಿಯುವುದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಮ್ಮೆ ಪಶುವೈದ್ಯರ ಮೇಜಿನ ಮುಂದೆ ನಿಂತು ನೋಡಬೇಕು. ಎಡಗೈ ನಾಯಿಯ ಕತ್ತಿನ ಕೆಳಗೆ ಹೋಗಬೇಕು, ಗದ್ದ ಅದರ ತಲೆಯ ಮೇಲೆ ಕೂರಬೇಕು, ಬಲಗೈ ಭುಜಗಳ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಸೂಜಿಗೆ ದಾರಿ ಮಾಡಿಕೊಡಬೇಕು. ಬಾಯಿ ಮಾತ್ರ ನಾಯಿಯ ಕಿವಿಯಲ್ಲಿ ಏನಾದರೊಂದು ಸುಳ್ಳು ಹೇಳುತ್ತಲೇ ಇರಬೇಕು. ‘ಏನೂ ಆಗಲ್ಲ ಮರಿ, ಈಗ ಮನೆಗೆ ಹೋಗೋಣ’ ಎನ್ನುವಂಥ ಸುಳ್ಳಾದರೆ ಸಾಕು.

ಈ ವಿದ್ಯೆಯಲ್ಲಿ ಪಶುವೈದ್ಯರ ಸಹಾಯಕನಾದ ನಮ್ಮ ಸಾಕ್ಷಪ್ಪನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ಪ್ರತಿ ನಾಯಿಯ ಚರ್ಮದೊಳಗೂ ಅಕ್ಕಿಕಾಳಿನಷ್ಟು ಚಿಪ್ ಇರಲೇಬೇಕೆಂದು ನಗರಸಭೆ ಕಾನೂನು ಮಾಡಿದ ಮೇಲೆ ಊರಿನ ನಾಯಿಗಳೆಲ್ಲ ಅವನ ತೋಳಿನಲ್ಲಿ ಹಾದುಹೋಗಿದ್ದವು. ಮೇಲಿಂದ ಸ್ಕ್ಯಾನರ್ ಆಡಿಸಿದರೆ ಸಾಕು, ನಾಯಿಯ ಹೆಸರು, ಬಣ್ಣ, ಯಜಮಾನರ ವಿಳಾಸ ಎಲ್ಲವೂ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು.

ಸಾಕ್ಷಪ್ಪ ಅವನ ನಿಜವಾದ ಹೆಸರಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಭಾನುವಾರ ಸೇರುವ ಸಭೆಯಲ್ಲಿ ‘ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ?’ ಎಂದು ಪಾಸ್ಟರು ಕೇಳಿ ಮುಗಿಸುವ ಮೊದಲೇ ಅವನು ಎದ್ದು ನಿಂತಿರುತ್ತಿದ್ದ. ಬಸ್ಸು ಸಿಕ್ಕಿದ್ದು, ನೆಗಡಿ ವಾಸಿಯಾದದ್ದು, ಛತ್ರಿ ಕಳೆದುಹೋಗಿ ವಾಪಸ್ ಬಂದದ್ದು, ಎಲ್ಲವೂ ದೇವರ ಕೃಪೆಯೆಂದು ಹೇಳಿಯೇ ಕೂರುತ್ತಿದ್ದ. ಹಾಗಾಗಿ ಜನ ಕೊಟ್ಟ ಹೆಸರು ಅದು. ಅವನಿಗೂ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಒಂದು ಭಾನುವಾರ ಪಾಸ್ಟರು ಅಂತ್ಯಕಾಲದ ಬಗ್ಗೆ ಮಾತಾಡಿದರು. ಎಲ್ಲೋ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಕೈಯೊಳಗೇ ಚಿಪ್ ಹಾಕುತ್ತಿದ್ದಾರಂತೆ, ಕೈ ತೋರಿಸಿದರೆ ಬಾಗಿಲು ತೆರೆಯುತ್ತದಂತೆ, ಕ್ಯಾಂಟೀನಿನಲ್ಲಿ ಊಟ ಸಿಗುತ್ತದಂತೆ. ಅಂತ್ಯಕಾಲದಲ್ಲಿ ಸೈತಾನನ ಮೃಗದ ಗುರುತು ಬಲಗೈಯ ಮೇಲೋ ಹಣೆಯ ಮೇಲೋ ಬರುತ್ತದೆಂದು, ಅದಿಲ್ಲದೆ ಕೊಳ್ಳುವುದೂ ಮಾರುವುದೂ ಆಗದೆಂದು ಸತ್ಯವೇದ ಮೊದಲೇ ಹೇಳಿಲ್ಲವೇ? ಅದನ್ನು ಹಾಕಿಸಿಕೊಂಡವರಿಗೆ ಪರಲೋಕದ ಬಾಗಿಲು ಮುಚ್ಚಿದಂತೆಯೇ, ಮತ್ತೆ ತೆರೆಯುವುದಿಲ್ಲ. ಪಾಸ್ಟರು ಒಳ್ಳೆಯ ಮನುಷ್ಯರು. ಹೇಳುವಾಗ ಅವರ ಕಣ್ಣಲ್ಲೇ ನೀರು ಬಂದಿತು.

ಸಾಕ್ಷಪ್ಪ ಎದ್ದ. “ಈ ಬಲಗೈಗೆ ಅದನ್ನ ಹಾಕೋಕೆ ಯಾರಾದ್ರೂ ಬರಲಿ, ಕೈಯನ್ನೇ ಕಡಿದು ಅವರ ಮೇಜಿನ ಮೇಲಿಟ್ಟು ಬರ್ತೀನಿ!”

“ಆಮೆನ್!” ಎಂದರು ಮುಂದಿನ ಸಾಲಿನಲ್ಲಿದ್ದ ಬಡಗಿ ಹಿರಿಯರು. “ಗರಗಸ ನಮ್ಮ ಅಂಗಡೀದೇ ತಗೊಳ್ಳಿ ಬ್ರದರ್.”

ಹಾಡು ಹೇಳಿಸುವ ಸಿಸ್ಟರಿಗೆ ಮಾತ್ರ ಒಂದು ಅನುಮಾನ. “ಅಲ್ಲ ಬ್ರದರ್, ನೀವೇ ದಿನಾ ನಾಯಿಗಳಿಗೆ ಹಾಕಿಸ್ತೀರಲ್ಲ?”

“ಸಿಸ್ಟರ್, ನಾಯಿಗೆ ನ್ಯಾಯತೀರ್ಪು ಇಲ್ಲ. ಅದು ಮನುಷ್ಯರಿಗೆ ಮಾತ್ರ,” ಎಂದು ಸಾಕ್ಷಪ್ಪ ಅಪ್ಪಣೆ ಕೊಡಿಸಿದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವನಂತೂ ಸಾಯುವವರೆಗೆ ಮರೆಯುವ ಹಾಗಿಲ್ಲ.

ಅವನ ಹೆಂಡತಿ ಸಭೆಯಲ್ಲಿ ಬಾಯಿ ತೆರೆಯುವವಳಲ್ಲ. ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಪುಟ್ಟ ಪುಟ್ಟ ಲೋಟಗಳನ್ನು ತೊಳೆದು ಒರೆಸಿ ಜೋಡಿಸುವುದು ಅವಳ ಪಾಲಿನ ಸೇವೆ. ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೇ: “ಕೈ ಕಡೀತಾರಂತೆ! ಬೆಳಿಗ್ಗೆ ಗಡ್ಡಕ್ಕೆ ಬ್ಲೇಡ್ ತಾಗಿದ್ದಕ್ಕೆ ಮೂರು ಮನೆ ಕೇಳೋ ಹಾಗೆ ಕೂಗಿದ್ರಿ.”

ಅವರಿಗೆ ಒಬ್ಬಳು ಮಗಳಿದ್ದಳು. ಮಾತು ಕಲಿತು, ಹಾಡು ಕಲಿತು, ಇನ್ನೇನು ಶಾಲೆಗೆ ಹೋಗಬೇಕೆನ್ನುವಾಗ ಜ್ವರ ಬಂದು ಹೋಗಿಬಿಟ್ಟಳು. ಅವಳು ಪರಲೋಕದಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ ಎಂಬುದರಲ್ಲಿ ಗಂಡಹೆಂಡಿರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಊಟಕ್ಕೆ ಕೂತಾಗ ‘ನಾವು ಹೋಗೋ ಹೊತ್ತಿಗೆ ಅವಳು ನಮ್ಮನ್ನ ಗುರುತು ಹಿಡೀತಾಳಾ?’ ಎಂದು ಅವನು ಕೇಳುವುದು, ‘ನಿಮ್ಮ ಗಂಟಲು ಕೇಳಿದ್ರೆ ಸಾಕು, ಓಡಿ ಬರ್ತಾಳೆ’ ಎಂದು ಅವಳು ಹೇಳುವುದು ಆ ಮನೆಯಲ್ಲಿ ಉಪ್ಪು ಬಡಿಸಿದಷ್ಟೇ ಸಹಜ. ಬದುಕಿನಲ್ಲಿ ಅವರು ಎದುರುನೋಡುತ್ತಿದ್ದದ್ದು ಅದೊಂದನ್ನೇ.

ಅದೇ ವಾರ ಒಬ್ಬ ನಿವೃತ್ತ ಸೇನಾಧಿಕಾರಿಯ ನಾಯಿ ಬಂತು. ಹೆಸರು ಜನರಲ್. ಆನೆಮರಿಯಂಥ ಕಂದು ಪ್ರಾಣಿ. ಸಾಕ್ಷಪ್ಪ ಎಂದಿನಂತೆ ಎಡಗೈ ತೂರಿಸಿದ, ಗದ್ದ ಊರಿದ, ಬಲಗೈಯಲ್ಲಿ ಚರ್ಮ ಎತ್ತಿದ. ಆದರೆ ಕಿವಿಯಲ್ಲಿ ಸುಳ್ಳು ಹೇಳುವ ಬದಲು ಭಾನುವಾರದ ಸಾಕ್ಷಿಯನ್ನೇ ಮತ್ತೆ ಹೇಳತೊಡಗಿದ. ಹೊಗಳಿಕೆಯ ಅಮಲು ಇನ್ನೂ ಇಳಿದಿರಲಿಲ್ಲ. ‘ಕೈಯನ್ನೇ ಕಡಿದು’ ಎನ್ನುವಲ್ಲಿ ದನಿ ಸ್ವಲ್ಪ ಏರಿತು. ಜನರಲ್ ಜಾಡಿಸಿತು. ಸೂಜಿ ಚರ್ಮದ ಈ ಕಡೆ ಹೊಕ್ಕು ಆ ಕಡೆ ಹೊರಟು ಸಾಕ್ಷಪ್ಪನ ಹೆಬ್ಬೆರಳಿನ ಬುಡಕ್ಕೆ ನಾಟಿತು. ಡಾಕ್ಟರ ಹೆಬ್ಬೆರಳು ಅಭ್ಯಾಸಬಲದಿಂದ ಸಿರಿಂಜ್ ಒತ್ತಿಬಿಟ್ಟಿತು.

“ಎಲ್ಲಿಗೆ ಹೋಯ್ತು ಅದು?” ಎಂದರು ಡಾಕ್ಟರು. ನಾಯಿಯ ಮೇಲೆ ಸ್ಕ್ಯಾನರ್ ಆಡಿಸಿದರು, ಸದ್ದಿಲ್ಲ. ಮೇಜಿನ ಮೇಲೆ, ನೆಲದ ಮೇಲೆ, ತಮ್ಮ ಕೋಟಿನ ಮೇಲೂ ಆಡಿಸಿದರು. ಕೊನೆಗೆ ಸಾಕ್ಷಪ್ಪನ ಕೈ ಹತ್ತಿರ ತಂದಾಗ ಅದು ‘ಕೀಂಯ್’ ಎಂದಿತು.

ಹೊರಗಿನ ಕೌಂಟರಿನಿಂದ ಹುಡುಗಿ ತಾನು ಮೊದಲೇ ಕಂಪ್ಯೂಟರಿಗೆ ತುಂಬಿಸಿಟ್ಟ ವಿವರವನ್ನು ಗಟ್ಟಿಯಾಗಿ ಓದಿದಳು: “ಜನರಲ್. ಗಂಡು. ಕಂದು ಬಣ್ಣ. ಮಕ್ಕಳಾಗದ ಆಪರೇಷನ್ ಆಗಿದೆ.”

ಸಾಕ್ಷಪ್ಪ ಬಲಗೈಯನ್ನು ಡಾಕ್ಟರ ಮುಂದೆ ಚಾಚಿದ. “ಡಾಕ್ಟರೇ, ಇದನ್ನ ಈಗಲೇ ತೆಗೆದುಬಿಡಿ.”

“ಮನುಷ್ಯರನ್ನ ಕೊಯ್ಯೋ ಅಧಿಕಾರ ನನಗಿಲ್ಲ ಕಣಯ್ಯಾ. ಯಾಕೆ ಹೆದರ್ತೀಯ? ನಾಯಿಗಳು ಇದನ್ನ ಇಟ್ಕೊಂಡು ಪೂರ್ತಿ ಆಯಸ್ಸು ಬಾಳ್ತವೆ.”

“ಆಮೇಲೆ?”

“ಆಮೇಲೆ ಅಂದ್ರೆ?”

“ಸತ್ತ ಮೇಲೆ?”

“ಸತ್ತ ಮೇಲೂ ಕೆಲಸ ಮಾಡುತ್ತೆ,” ಎಂದರು ಡಾಕ್ಟರು ಸಮಾಧಾನದ ದನಿಯಲ್ಲಿ. “ಕಂಪನಿಯೋರು ಗ್ಯಾರಂಟಿ ಕೊಟ್ಟಿದ್ದಾರೆ.”

ಅಂದಿನಿಂದ ಸಾಕ್ಷಪ್ಪನ ಅಲೆದಾಟ ಶುರುವಾಯಿತು. ಹೆಂಡತಿಗೆ ‘ನಾಯಿ ಪರಚಿತು’ ಎಂದು ಹೇಳಿ ಕೈಗೆ ಪಟ್ಟಿ ಸುತ್ತಿಕೊಂಡ. ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದ. ಅಲ್ಲಿಯ ಸರ್ಜನ್ ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿ, ಚಿಪ್ ನರದ ಪಕ್ಕದಲ್ಲೇ ಹೋಗಿ ಕೂತಿದೆ, ತೆಗೆಯಲು ಹೋದರೆ ಹೆಬ್ಬೆರಳು ಸತ್ತುಹೋದೀತು ಎಂದರು.

“ನೋವಿದೆಯಾ?”

“ಕೈಗಿಲ್ಲ ಸಾರ್. ಆತ್ಮಕ್ಕಿದೆ.”

“ಅದು ನಮ್ಮ ವಿಭಾಗ ಅಲ್ಲ. ಎರಡನೇ ಮಹಡಿ,” ಎಂದು ಚೀಟಿ ಬರೆದುಕೊಟ್ಟರು.

ಎರಡನೇ ಮಹಡಿಯಲ್ಲಿ ದೇವರ ವಿಭಾಗ ಇರಬಹುದೆಂದು ಹೋದರೆ ಅಲ್ಲಿ ಕೂತಿದ್ದವರು ಮನೋವೈದ್ಯರು. ಬಹಳ ಮೃದುವಾಗಿ ಮಾತಾಡಿದರು. ಸಾಕ್ಷಪ್ಪ ಜೀವಮಾನದಲ್ಲೇ ಮೊದಲ ಸಲ ಒಂದಿಷ್ಟೂ ಬಣ್ಣ ಕಟ್ಟದೆ ನಿಜ ಹೇಳಿದ.

“ಅಂದ್ರೆ, ನಿಮ್ಮ ಕೈಯೊಳಗೆ ಒಂದು ಚಿಪ್ ಇದೆ.”

“ಹೌದು ಸಾರ್.”

“ಯಾರು ಹಾಕಿದ್ದು?”

“ನಾಯಿ ಡಾಕ್ಟರು ಸಾರ್.”

“ಸರಿ. ಆ ಚಿಪ್ ನಿಮ್ಮನ್ನ ಏನಂತ ಕರೆಯುತ್ತೆ?”

“ಜನರಲ್ ಅಂತ.”

“ಅದರಿಂದ ಏನಾಗುತ್ತೆ ಅಂತ ನಿಮಗೆ ಅನ್ನಿಸುತ್ತೆ?”

“ನಾನು ನನ್ನ ಮಗಳನ್ನ ನೋಡೋಕಾಗಲ್ಲ ಸಾರ್.”

ವೈದ್ಯರು ಪೆನ್ನು ಕೆಳಗಿಟ್ಟರು. ಆಮೇಲೆ ಅದನ್ನು ಮತ್ತೆ ಎತ್ತಿಕೊಂಡು ರಾತ್ರಿ ಊಟದ ನಂತರ ನುಂಗಲು ಮಾತ್ರೆ ಬರೆದರು. ಸಾಕ್ಷಪ್ಪ ಆ ಮಾತ್ರೆ ನುಂಗಿ ಮರುದಿನ ಮೇಜಿನ ಮೇಲೆ ಸೂಜಿಗೆ ಕಾಯುತ್ತಿದ್ದ ನಾಯಿಯ ಜೊತೆಗೇ ತೂಕಡಿಸಿದ.

ಇನ್ನು ನಗರಸಭೆ. ಚಿಪ್ ಕೈಯಲ್ಲೇ ಇದ್ದರೂ ನಂಬರಾದರೂ ರದ್ದಾದರೆ ಗುರುತು ಅಳಿಸಿಹೋದ ಹಾಗಲ್ಲವೇ ಎಂಬುದು ಅವನ ಲೆಕ್ಕಾಚಾರ. ಕಿಟಕಿಯಾಚೆಗಿನ ಗುಮಾಸ್ತರು ತಲೆ ಎತ್ತಲಿಲ್ಲ.

“ನಂಬರ್ ರದ್ದು ಮಾಡ್ಬೇಕಾದ್ರೆ ನಾಯಿ ಸತ್ತಿರಬೇಕು. ಸತ್ತಿದೆಯಾ?”

“ಇಲ್ಲ ಸಾರ್. ನಿಮ್ಮ ಮುಂದೇ ನಿಂತಿದೆ.”

ಗುಮಾಸ್ತರು ಈಗ ತಲೆ ಎತ್ತಿದರು. ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದರು. ಅಲ್ಲಿ ನಾಯಿ ಇರಲಿಲ್ಲ. “ಆಫೀಸಿನೊಳಗೆ ನಾಯಿ ತರಬಾರದು ಅಂತ ಬೋರ್ಡ್ ಹಾಕಿದೆ ಕಾಣಲ್ವಾ?” ಎಂದು ಗದರಿ ಕಿಟಕಿ ಮುಚ್ಚಿದರು.

ಮುಚ್ಚಿಟ್ಟ ಗುಟ್ಟಿಗೆ ಕಾಲು ಜಾಸ್ತಿ. ಒಂದು ದಿನ ಹಾಡು ಹೇಳಿಸುವ ಸಿಸ್ಟರು ಬಿಳಿ ಬೆಕ್ಕೊಂದನ್ನು ಎತ್ತಿಕೊಂಡು ಬಂದರು. ಬೀದಿಯಲ್ಲಿ ಸಿಕ್ಕ ಬೆಕ್ಕು, ಯಾರದಾದರೂ ಆಗಿರಬಹುದೇ ಎಂದು ನೋಡಬೇಕಿತ್ತು. ಸಾಕ್ಷಪ್ಪ ಬೆಕ್ಕನ್ನು ಹಿಡಿದ. ಡಾಕ್ಟರು ಸ್ಕ್ಯಾನರ್ ಹಿಡಿದರು. ಕೀಂಯ್.

“ಜನರಲ್. ಗಂಡು. ಕಂದು ಬಣ್ಣ,” ಎಂದು ಕೂಗಿದಳು ಕೌಂಟರಿನ ಹುಡುಗಿ. ದಿನಕ್ಕೆ ಹತ್ತು ಸಲ ಹೀಗೆ ಆಗುತ್ತಿದ್ದುದರಿಂದ ಅವಳಿಗೆ ಬಾಯಿಪಾಠವಾಗಿತ್ತು.

“ಏನ್ರೀ ಇದು, ಬಿಳಿ ಹೆಣ್ಣುಬೆಕ್ಕನ್ನ ಕಂದು ಗಂಡು ಅಂತೀರಿ!”

“ಬೆಕ್ಕಲ್ಲಮ್ಮ, ಅದು ನಮ್ಮ ಅಂಕಲ್,” ಎಂದಳು ಹುಡುಗಿ. “ಅಂಕಲ್, ಸ್ವಲ್ಪ ಬಲಗೈ ತೆಗೀರಿ, ಇನ್ನೊಂದ್ಸಲ ನೋಡೋಣ.”

ಸಿಸ್ಟರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಊರಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಜೆ ಸಾಕ್ಷಪ್ಪ ಮನೆಗೆ ಬಂದಾಗ ಹೆಂಡತಿ ಲೋಟಗಳನ್ನು ಒರೆಸುತ್ತಾ ಕೂತಿದ್ದಳು. ತಲೆ ಎತ್ತದೆ, “ನಿಜಾನಾ?” ಎಂದಳು. ಅವನು ಪಟ್ಟಿ ಬಿಚ್ಚಿ ತೋರಿಸಿದ. ಅಲ್ಲಿ ನೋಡಲು ಏನೂ ಇರಲಿಲ್ಲ, ಸೊಳ್ಳೆ ಕಚ್ಚಿದಷ್ಟು ಒಂದು ಚುಕ್ಕೆ. ಅವಳು ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸಿದಳು.

ಪಾಸ್ಟರು, ಬಡಗಿ ಹಿರಿಯರು, ಸಿಸ್ಟರು ಮಹಡಿಯಲ್ಲಿ ಸೇರಿದರು. ಸಾಕ್ಷಪ್ಪನನ್ನು ನಡುವೆ ಒಂದು ಕುರ್ಚಿಯಲ್ಲಿ ಕೂರಿಸಿದರು. ಅವನೂ ಸುಮ್ಮನೆ ಬಂದಿರಲಿಲ್ಲ. ವಾದ ತಯಾರಿಸಿಕೊಂಡೇ ಬಂದಿದ್ದ.

“ಪಾಸ್ಟರೇ, ಆ ಗುರುತು ಮನುಷ್ಯರಿಗೆ ತಾನೆ? ಸರ್ಕಾರದ ಕಂಪ್ಯೂಟರಿನಲ್ಲಿ ಇರೋದು ಮನುಷ್ಯ ಅಂತ ಅಲ್ಲ, ನಾಯಿ ಅಂತ. ನಾಯಿಗೆ ನ್ಯಾಯತೀರ್ಪು ಇಲ್ಲ ಅಂತ ನಾನೇ ಇದೇ ಜಾಗದಲ್ಲಿ ಹೇಳಿದ್ದೆ, ಎಲ್ಲರೂ ಒಪ್ಪಿದ್ರಿ. ಹಾಗಾಗಿ ನಾನು ಆ ಲೆಕ್ಕಕ್ಕೇ ಬರೋಲ್ಲ.”

ವಾದ ಗಟ್ಟಿಯಾಗಿತ್ತು. ಪಾಸ್ಟರ ಮುಖ ಸ್ವಲ್ಪ ಅರಳಿತು ಕೂಡ. ಆದರೆ ಬಡಗಿ ಹಿರಿಯರು ಬೆರಳಿಗೆ ಉಗುಳು ಹಚ್ಚಿ ಸತ್ಯವೇದದ ಕಟ್ಟಕಡೆಯ ಹಾಳೆ ತೆಗೆದರು.

“ಬ್ರದರ್, ಇಲ್ಲಿ ನೋಡಿ. ದೇವರ ಪಟ್ಟಣದೊಳಗೆ ಯಾರು ಬರಬಹುದು, ಹೊರಗೆ ಯಾರಿರಬೇಕು ಅಂತ ಬರೆದಿದೆ. ಹೊರಗಿರಬೇಕಾದೋರಲ್ಲಿ ಮೊದಲನೆಯೋರೇ ನಾಯಿಗಳು.”

ಮನುಷ್ಯನೆಂದರೆ ಗುರುತು ಬಿದ್ದಾಗಿದೆ, ನಾಯಿಯೆಂದರೆ ಜಾಗವೇ ಇಲ್ಲ. ಅಂಥ ಇಕ್ಕಟ್ಟಿಗೆ ಸಾಕ್ಷಪ್ಪ ತನ್ನ ನಾಲಿಗೆಯಿಂದಲೇ ದಾರಿ ಮಾಡಿಕೊಂಡಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಬ್ರದರ್ ಬೇಕು ಅಂತ ಹಾಕಿಸಿಕೊಂಡಿಲ್ಲವಲ್ಲ,” ಎಂದರು ಪಾಸ್ಟರು ಕೊನೆಗೆ. “ದೇವರು ಏನು ಮಾಡ್ತಾನೋ, ನನಗೂ ಗೊತ್ತಿಲ್ಲ. ಗೊತ್ತಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗೊತ್ತಾಗೋವರೆಗೂ ಕರ್ತನ ಭೋಜನ ಬೇಡ. ಮೆಟ್ಟಿಲ ಮೇಲೆ ಕೂತು ಕೇಳಿಸ್ಕೊಳ್ಳಿ.” ಹೀಗೆ ಹೇಳಿ ಸಾಕ್ಷಪ್ಪನನ್ನು ಅಪ್ಪಿಕೊಂಡು ಅತ್ತರು. ಅಪ್ಪಿಕೊಳ್ಳುವಾಗ ಅವನ ಬಲಗೈ ತಮಗೆ ತಾಗದ ಹಾಗೆ ಮಾತ್ರ ನೋಡಿಕೊಂಡರು.

ಭಾನುವಾರ ಸಾಕ್ಷಪ್ಪ ಮೆಟ್ಟಿಲ ಮೇಲೆ ಕೂತ. ಕೆಳಗಿನಿಂದ ಟೈರಿನ ವಾಸನೆ, ಮೇಲಿನಿಂದ ಹಾಡು. ಸಾಕ್ಷಿ ಹೇಳುವವರು ಇದ್ದೀರಾ ಎಂದು ಪಾಸ್ಟರು ಕೇಳಿದಾಗ ಅಭ್ಯಾಸದಂತೆ ಎದ್ದು ನಿಂತ. ಟೈರ್ ಅಂಗಡಿಯವನು ಮೇಲೆ ನೋಡಿ, “ಏನಾದ್ರೂ ಬೇಕಿತ್ತಾ?” ಎಂದ. ಸಾಕ್ಷಪ್ಪ ಮತ್ತೆ ಕೂತ. ಮಗಳು ಪರಲೋಕದ ಬಾಗಿಲಿನಾಚೆ ಇದ್ದಾಳೆ, ತನ್ನ ಗಂಟಲು ಅಲ್ಲಿಗೆ ಕೇಳಿಸುವುದಿಲ್ಲ ಎಂದು ಆಗ ಅವನಿಗೆ ಅನ್ನಿಸಿತು. ಅವನು ಮೊಣಕಾಲಿಗೆ ಮುಖ ಒತ್ತಿ ಅತ್ತ.

ಮರುದಿನ ಬಡಗಿ ಹಿರಿಯರ ಅಂಗಡಿಗೆ ಹೋಗಿ ಬಲಗೈಯನ್ನು ಕೆಲಸದ ಮೇಜಿನ ಮೇಲಿಟ್ಟ.

“ಗರಗಸ ಕೊಡ್ತೀನಿ ಅಂದಿದ್ರಲ್ಲ.”

ಹಿರಿಯರ ಮುಖ ಬಿಳುಚಿಕೊಂಡಿತು. ಆದರೆ ಅವರೂ ಸಭೆಯ ಮುಂದೆ ಆಮೆನ್ ಎಂದವರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಮಣಿಕಟ್ಟಿನ ಸುತ್ತ ನೇರವಾಗಿ ಒಂದು ಗೆರೆ ಎಳೆದರು. ಇಷ್ಟು ವರ್ಷದ ಕಸುಬು. ಗೆರೆ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಆಮೇಲೆ ಗರಗಸ ಎತ್ತಿಕೊಂಡರು, ಹಲ್ಲು ಮುಟ್ಟಿ ನೋಡಿದರು, ಕೆಳಗಿಟ್ಟರು.

“ಬ್ಲೇಡ್ ಮೊಂಡಾಗಿದೆ ಬ್ರದರ್. ನಾಳೆ ಬನ್ನಿ.” ಹೀಗೆಂದು ಹಿತ್ತಲಿಗೆ ಓಡಿದರು. ಅವರು ವಾಂತಿ ಮಾಡುವ ಸದ್ದು ಕೇಳಿಸಿತು.

ಸಾಕ್ಷಪ್ಪ ಮಾರನೆಯ ದಿನವೂ ಹೋದ. ಬ್ಲೇಡ್ ಅಂದೂ ಮೊಂಡಾಗಿತ್ತು. ಆ ಸಂಜೆ ಊಟಕ್ಕೆ ಕೂತಾಗ ಅಂಗಿಯ ತೋಳು ಮೇಲೆ ಸರಿದು ಹೆಂಡತಿಗೆ ಆ ಗೆರೆ ಕಂಡಿತು.

“ಏನ್ರೀ ಇದು?”

ಅವನು ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಸೋಪು ಹಚ್ಚಿ ಗೆರೆಯನ್ನು ತಿಕ್ಕಿ ತೊಳೆದಳು. ಮಗುವಿನ ಕೈ ತೊಳೆಸುವ ಹಾಗೆ ಬೆರಳ ಸಂದಿಯನ್ನೂ ತೊಳೆದು ಒರೆಸಿದಳು. “ಊಟ ಮಾಡಿ,” ಎಂದಳು.

ಮರುದಿನ ಬೆಳಿಗ್ಗೆ ಸಾಕ್ಷಪ್ಪ ಒಂದು ಮುದಿ ನಾಯಿಯನ್ನು ಮೇಜಿನಿಂದ ಇಳಿಸಿ ‘ಮುಂದಿನವರು’ ಎಂದು ಕರೆದ. ಹೊರಗಿನ ಬೆಂಚಿನಲ್ಲಿ ನಾಯಿ ಬೆಕ್ಕು ಹಿಡಿದು ಕೂತವರ ಸಾಲಿನಿಂದ ಬರಿಗೈಯಲ್ಲಿ ಎದ್ದು ಬಂದವಳು ಅವನ ಹೆಂಡತಿ. ಭಾನುವಾರದ ಬಟ್ಟೆ ತೊಟ್ಟಿದ್ದಳು.

“ಯಾವ ಪ್ರಾಣಿಗಮ್ಮಾ?” ಎಂದರು ಡಾಕ್ಟರು, ತಲೆ ಬಗ್ಗಿಸಿ ಸಿರಿಂಜ್ ಜೋಡಿಸುತ್ತಾ.

“ನನಗೆ,” ಎಂದು ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು. “ಇವರಿಗೆ ಹಾಕಿದ ಥರದ್ದೇ ಒಂದು.”

ಡಾಕ್ಟರು ನಕ್ಕರು. ಅವಳು ನಗಲಿಲ್ಲ. “ಮನುಷ್ಯರಿಗೆ ಹಾಕೋಕೆ ಬರಲ್ಲಮ್ಮ. ಇವನಿಗೆ ಆದದ್ದು ಆಕಸ್ಮಿಕ.”

“ನನಗೂ ಆಕಸ್ಮಿಕವಾಗೇ ಹಾಕಿ. ಇವರು ಹಿಡ್ಕೊಳ್ಳಲಿ, ನಾನು ಜಾಡಿಸ್ತೀನಿ.”

“ಲೇ, ನಿನಗೆ ಹುಚ್ಚಾ?” ಎಂದು ಸಾಕ್ಷಪ್ಪ ಕೂಗಿದ. “ನೀನು ಅಲ್ಲಿಗೆ ಹೋಗೋಳು. ಮಗು ಕಾಯ್ತಿದೆ ಕಣೇ!”

“ಮಗು ಅಜ್ಜಿ ಹತ್ರ ಇದೆ. ಅದಕ್ಕೆ ಜೊತೆ ಇದೆ,” ಎಂದಳು ಅವಳು, ರಾತ್ರಿಯಿಡೀ ಲೆಕ್ಕ ಹಾಕಿ ಮುಗಿಸಿದವರ ದನಿಯಲ್ಲಿ. “ನೀವು ಹೋಗೋ ಕಡೆ ನಿಮಗೆ ಯಾರಿದ್ದಾರೆ? ಒಂದು ಲೋಟ ನೀರು ಬಗ್ಗಿಸ್ಕೊಂಡು ಕುಡಿದ ಜನ ಅಲ್ಲ ನೀವು.”

ಡಾಕ್ಟರು ಸಿರಿಂಜನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಕೋಣೆಗೆ ಹೋಗಿಬಿಟ್ಟರು. ಸಾಕ್ಷಪ್ಪ ತಾನು ಯಾವಾಗ ಹಾಗೆ ನಿಂತನೋ ಅವನಿಗೇ ತಿಳಿಯದು. ಎಡಗೈ ಅವಳ ಕತ್ತಿನ ಸುತ್ತ, ಗದ್ದ ಅವಳ ತಲೆಯ ಮೇಲೆ, ಬಾಯಿ ಅವಳ ಕಿವಿಯ ಹತ್ತಿರ ಇತ್ತು. ‘ಏನೂ ಆಗಲ್ಲ, ಈಗ ಮನೆಗೆ ಹೋಗೋಣ’ ಎನ್ನಬೇಕು. ಎಷ್ಟು ನಾಯಿಗಳಿಗೆ ಹೇಳಿದ ಸುಳ್ಳು ಅದು, ಇವತ್ತು ಬಾಯಿಗೆ ಬರಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ.

ಅವಳು ಜಾಡಿಸಲಿಲ್ಲ. ಅವನ ಬಲಗೈಯ ಮೇಲೆ ತನ್ನ ಕೈಯಿಟ್ಟು, ಆ ಚುಕ್ಕೆಯ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು.

“ಅಳಬೇಡಿ,” ಎಂದಳು. “ಊರಲ್ಲಿ ಪ್ರಾಣಿ ಡಾಕ್ಟರು ಇವರೊಬ್ಬರೇನಾ?”